ಕುಪ್ಪಿಯ ತಳದ ಹೆಸರು

ತಳದಲ್ಲಿ ಇಂಗ್ಲಿಷಿನ ಏಳು ಅಕ್ಷರಗಳು ಬಿಲ್ಲಿನಂತೆ ಬಾಗಿ ಕುಳಿತಿದ್ದವು. ಗಾಜಿನಿಂದಲೇ ಉಬ್ಬಿ ಬಂದವು. ನೆಟ್ಟಗೆ ನೋಡಿದರೆ ಕಾಣಿಸವು, ಹೆಬ್ಬೆರಳಿನಿಂದ ಸವರಿದರೆ ತಪ್ಪದೆ ಸಿಗುತ್ತವೆ. ಕೊನೆಯ ಅಕ್ಷರದ ಸಂದಿಯಲ್ಲಿ ಎಷ್ಟು ತೊಳೆದರೂ ಒಂದಿಷ್ಟು ಸೋಪಿನ ಬಿಳುಪು ಉಳಿದೇ ಇರುತ್ತಿತ್ತು.

ಇದು ಜಾಮ್ ಕುಪ್ಪಿ. ಗಾಜಿನ ಬಾಟಲಿಯನ್ನು ನಮ್ಮ ಮನೆಯಲ್ಲಿ ಕುಪ್ಪಿ ಎನ್ನುತ್ತೇವೆ. ಊರು ಬಿಟ್ಟು ಮುಂಬಯಿಗೆ ಬಂದು ಎಷ್ಟೋ ಕಾಲವಾದರೂ ಅಪ್ಪ ಅಮ್ಮನ ಬಾಯಲ್ಲಿ ಈ ಮಾತು ಹಾಗೇ ಉಳಿದಿದೆ. ಈಗ ಆ ಕುಪ್ಪಿ ನನ್ನ ಮೇಜಿನ ಮೇಲೆ ಪೆನ್ನುಗಳನ್ನು ಹೊತ್ತು ನಿಂತಿದೆ. ಪೆನ್ನು ತೆಗೆಯುವಾಗಲೆಲ್ಲ ಕೈ ತಾನಾಗಿ ತಳಕ್ಕೆ ಹೋಗುತ್ತದೆ. ಅಕ್ಷರಗಳು ಅಲ್ಲೇ ಇವೆಯೆಂದು ಖಾತ್ರಿಯಾದ ಮೇಲೆ ಕೆಲಸ ಮುಂದುವರಿಯುತ್ತದೆ. ಕೆಟ್ಟ ಅಭ್ಯಾಸವೇನಲ್ಲ, ಆದರೆ ಎದುರಿಗೆ ಕುಳಿತವರಿಗೆ ವಿವರಿಸುವುದು ಕಷ್ಟ.

ಅಪ್ಪ ವಿಕ್ರೋಳಿಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಹೆಸರಿಗೆ ಮ್ಯಾನೇಜರು, ಕೆಲಸಕ್ಕೆ ಸರ್ವಸ್ವ. ಆ ಹೋಟೆಲಿನಲ್ಲಿ ಬೆಳಗ್ಗೆ ಬ್ರೆಡ್ ಜಾಮ್ ತಿನ್ನುವ ಒಂದು ವರ್ಗವಿದೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ದೋಸೆಗೆ ಕಾಯುವಷ್ಟು ತಾಳ್ಮೆ ಇಲ್ಲದವರು. ಹಾಗಾಗಿ ಅಲ್ಲಿ ಜಾಮ್ ಕುಪ್ಪಿಗಳು ಖಾಲಿಯಾಗುತ್ತಲೇ ಇರುತ್ತವೆ. ಖಾಲಿ ಕುಪ್ಪಿ ಎಸೆಯುವುದು ಅಪ್ಪನ ಪ್ರಕಾರ ಮಹಾಪಾಪ. ಅವನ್ನು ಬಿಸಿನೀರಿನಲ್ಲಿ ತೊಳೆಸಿ, ಒಂದಕ್ಕೊಂದು ತಾಗದಂತೆ ಹಳೆಯ ಪೇಪರಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹಿಡಿದು ನಮ್ಮ ಮನೆಯಿರುವ ಗೋರೆಗಾಂವ್‌ಗೆ ತರುತ್ತಿದ್ದರು. ಎಂಥ ನೂಕುನುಗ್ಗಲಿನಲ್ಲೂ ಒಂದು ಕುಪ್ಪಿ ಒಡೆದದ್ದಿಲ್ಲ. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ನನ್ನನ್ನು ಅಷ್ಟೊಂದು ಜಾಗ್ರತೆಯಿಂದ ತಂದಿರಲಿಲ್ಲ ಎಂದು ಅಮ್ಮ ಹೇಳುವುದುಂಟು.

ಕುಪ್ಪಿ ಮನೆಗೆ ಬಂದ ಮೇಲೆ ಅದರ ಎರಡನೇ ಜನ್ಮ. ಕಿಟಕಿಯ ಗ್ರಿಲ್ಲಿನ ಮೇಲೆ ಬೋರಲಾಗಿ ಒಣಗುತ್ತಿತ್ತು. ಆಮೇಲೆ ಅದರೊಳಗೆ ಅಮ್ಮನ ಚಟ್ನಿಪುಡಿ, ಇಲ್ಲವೇ ಸಾರಿನ ಪುಡಿ. ಅಲ್ಲಿಂದ ಮೇಲಿನ ಮನೆ, ಕೆಳಗಿನ ಮನೆ, ಎದುರು ಬಿಲ್ಡಿಂಗಿನ ಮೂರನೇ ಮಹಡಿ. ಕುಪ್ಪಿಗಳ ಲೋಕದಲ್ಲಿ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಕುಪ್ಪಿ ವಾಪಸು ಬರಬೇಕು, ಖಾಲಿ ಬರಬಾರದು. ಎರಡು ನಿಂಬೆಹಣ್ಣು, ಒಂದು ಹಿಡಿ ಸಕ್ಕರೆ, ಸಂಕ್ರಾಂತಿಯ ಕಾಲದಲ್ಲಿ ತಿಳ್‌ಗುಳ್ ಎಂಬ ಎಳ್ಳುಂಡೆ, ಏನೂ ಇಲ್ಲದಿದ್ದರೆ ನಾಲ್ಕೆಸಳು ಕರಿಬೇವು. ಕೆಳಗಿನ ಮನೆಯ ಮರಾಠಿ ಕಾಕು ಒಮ್ಮೆ ಏನೂ ಸಿಗದೆ ಒಂದು ಈರುಳ್ಳಿ ಹಾಕಿ ಕಳುಹಿಸಿದ್ದರು. ಕುಪ್ಪಿಯ ಬಾಯಿಗಿಂತ ಈರುಳ್ಳಿ ದೊಡ್ಡದಿತ್ತು. ಒಳಗೆ ಹೋಗಿದ್ದು ಹೇಗೆ ಎಂದು ಅಪ್ಪ ಮತ್ತು ನಾನು ಒಂದು ಸಂಜೆಯೆಲ್ಲ ಚರ್ಚಿಸಿದೆವು. ತೆಗೆದದ್ದು ಅಮ್ಮ, ಒಳಗೇ ಚಾಕು ಹಾಕಿ, ತುಂಡು ತುಂಡಾಗಿ.

ನನ್ನ ಬಾಲ್ಯ ಈ ಕುಪ್ಪಿಗಳ ಓಡಾಟದಲ್ಲೇ ಕಳೆಯಿತು. ಕೊಟ್ಟು ಬರುವ ಕೆಲಸ ನನ್ನದು. ಅದು ನನಗೆ ಇಷ್ಟವಿರಲಿಲ್ಲ, ಏಕೆಂದರೆ ಬಾಗಿಲು ತೆರೆದವರು ಮಾತಾಡಿಸುತ್ತಿದ್ದರು. ಎಷ್ಟನೇ ಕ್ಲಾಸು, ಎಷ್ಟು ಮಾರ್ಕು, ದೊಡ್ಡವಳಾದ ಮೇಲೆ ಏನಾಗುತ್ತಿ. ನಾನು ಮಾತು ಕಡಿಮೆಯ ಹುಡುಗಿ. ಶಾಲೆಯ ಪುಸ್ತಕಗಳ ಮೇಲೆ ಕೂಡ ಪೂರ್ತಿ ಹೆಸರು ಬರೆಯುತ್ತಿರಲಿಲ್ಲ, ಮೊದಲಕ್ಷರ ಮತ್ತು ಒಂದು ಚುಕ್ಕೆ. ಟೀಚರು ಕೇಳಿದರೆ ಜಾಗ ಸಾಲಲಿಲ್ಲ ಎನ್ನುತ್ತಿದ್ದೆ. ಇಡೀ ಲೇಬಲ್ ಖಾಲಿ ಇರುತ್ತಿತ್ತು. ಮೊನ್ನೆ ಮೊನ್ನೆಯವರೆಗೂ ಅಷ್ಟೆ: ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಲೋಕಲ್ ರೈಲು ಹತ್ತುವ ಮೊದಲೇ ರಿಂಗ್ ಆರಿಸುತ್ತಿದ್ದೆ.

ಕಾಲೇಜಿನಲ್ಲಿ ವಾಣಿಜ್ಯ ಕಾನೂನು ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ ಇರಬೇಕು. ಆ ಪಠ್ಯಪುಸ್ತಕದ ಜನ 'ಎ' ಮತ್ತು 'ಬಿ'. 'ಎ' ತನ್ನ ಕುದುರೆಯನ್ನು 'ಬಿ'ಗೆ ಮಾರಲು ಒಪ್ಪುತ್ತಾನೆ. ಕುದುರೆ ಮೊದಲೇ ಸತ್ತಿರುತ್ತದೆ, ಇಬ್ಬರಿಗೂ ಗೊತ್ತಿರುವುದಿಲ್ಲ. ಮುಂಬಯಿಯಲ್ಲಿ ಕುದುರೆ ಮಾರುವವರನ್ನು ನಾನು ಕಂಡಿಲ್ಲ, ಆದರೆ ಎ ಮತ್ತು ಬಿ ನನ್ನ ಆದರ್ಶ ವ್ಯಕ್ತಿಗಳಾಗಿದ್ದರು. ಪೂರ್ತಿ ಹೆಸರಿಲ್ಲ, ವಿಳಾಸವಿಲ್ಲ, ಫೋನಿಲ್ಲ. ಜೀವನವಿಡೀ ವ್ಯವಹಾರ ಮಾಡುತ್ತಾರೆ, ಒಬ್ಬರೂ ಅವರ ಬಾಗಿಲು ತಟ್ಟುವುದಿಲ್ಲ. ಆ ವಿಷಯದಲ್ಲಿ ನನಗೆ ಒಳ್ಳೆಯ ಮಾರ್ಕು ಬಂತು. ಪರೇಲ್‌ನ ಆಫೀಸೊಂದರಲ್ಲಿ ಲೆಕ್ಕಪತ್ರದ ಕೆಲಸವೂ ಸಿಕ್ಕಿತು. ಸತ್ತ ಕುದುರೆಯ ಬಗ್ಗೆ ಮಾತ್ರ ಇವತ್ತಿನವರೆಗೂ ಯಾರೂ ನನ್ನನ್ನು ಕೇಳಿಲ್ಲ.

ಈ ನಡುವೆ ಅಮ್ಮನ ಪುಡಿ ಬೆಳೆಯುತ್ತಿತ್ತು. ಮೊದಮೊದಲು ಕೊಡುತ್ತಿದ್ದಳು. ಆಮೇಲೆ ಕೆಲವರು ಒತ್ತಾಯ ಮಾಡಿ ದುಡ್ಡು ಕೊಡತೊಡಗಿದರು. ಆಮೇಲೆ ಒತ್ತಾಯ ಬೇಕಾಗಲಿಲ್ಲ. ವ್ಯಾಪಾರ ಎಂಬ ಮಾತನ್ನು ಯಾರೂ ಆಡಲಿಲ್ಲ, ಅದು ನೆಂಟರ ಹಾಗೆ ಬಂದು ಒಳಗೆ ಕುಳಿತುಬಿಟ್ಟಿತು. ಕುಪ್ಪಿಗಳು ಮಾತ್ರ ಅವೇ. ಅಪ್ಪ ಬಜಾರಿನಿಂದ ಕೆಂಪು ಮುಚ್ಚಳ ತಂದು ಹಾಕುತ್ತಿದ್ದರು. ಹೊಸ ಮುಚ್ಚಳ ಬಿದ್ದರೆ ಕುಪ್ಪಿಯೂ ಹೊಸದೇ ಎಂಬುದು ಅವರ ಸಿದ್ಧಾಂತ. ಹಾಗೆಯೇ ನಡೆಯುತ್ತಿರಲು ನಮ್ಮ ಗಲ್ಲಿಯ ಮೂಲೆಯ ಕಿರಾಣಿ ಅಂಗಡಿಯವರು ಅಮ್ಮನಿಗೆ ತಾವಾಗಿ ಹೇಳಿದರು: ನಮ್ಮ ಶೆಲ್ಫಿನಲ್ಲಿ ಇಡಿ. ಅಮ್ಮ ಅಂದು ಬಿಲ್ಡಿಂಗಿನ ಎಲ್ಲ ಮಹಡಿಗೂ ಮೆಟ್ಟಿಲು ಹತ್ತಿ ಹೋಗಿ ಹೇಳಿ ಬಂದಳು. ಲಿಫ್ಟಿನಲ್ಲಿ ಹೋಗಿದ್ದರೆ ಸುದ್ದಿ ಬೇಗ ಮುಗಿದುಹೋಗುತ್ತಿತ್ತು. ಗೊತ್ತಿದ್ದವರು ಕೊಳ್ಳುವುದು ಬೇರೆ. ಗೊತ್ತಿಲ್ಲದವರು ಒಂದು ಶೆಲ್ಫಿನ ಮುಂದೆ ನಿಂತು, ನೂರು ಸಾಮಾನುಗಳ ನಡುವೆ ಕೈ ಚಾಚಿ ನಿನ್ನದನ್ನೇ ತೆಗೆಯುವುದು ಬೇರೆ. ಅಮ್ಮನಿಗೆ ಅದು ಬೇಕಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡು ದಿನ ಹಾಡಿಕೊಂಡು ಮೆಣಸು ಹುರಿದಳು.

ಅಂಗಡಿಗೆ ಕೊಡುವ ಮೊದಲು ಒಂದು ಭಾನುವಾರ, ಗೋರೆಗಾಂವ್‌ನ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಕಡೆಯ ಹೆಂಗಸರು ಸೇರಿ ಸ್ಟಾಲುಗಳನ್ನು ಹಾಕಿದ್ದರು. ಅಮ್ಮನದೂ ಒಂದು ಮೇಜು. ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಬಂದ. ಒಂದು ಕುಪ್ಪಿ ಎತ್ತಿದ. ಮುಚ್ಚಳ ನೋಡಲಿಲ್ಲ, ಮೂಸಲಿಲ್ಲ. ತಲೆಕೆಳಗು ಮಾಡಿ ತಳವನ್ನು ಹೆಬ್ಬೆರಳಿನಿಂದ ಸವರಿದ.

"ಯೇ ಬೋತಲ್ ಹಮಾರೀ ಹೈ," ಈ ಬಾಟಲಿ ನಮ್ಮದು ಎಂದ.

ಅಮ್ಮನ ಹಿಂದಿ ಧೈರ್ಯದ ಹಿಂದಿ. "ನಹೀ ನಹೀ ಭೈಯಾ, ಯೇ ಹಮಾರಾ ಹೋಟೆಲ್ ಕಾ ಹೈ," ಎಂದಳು.

"ಐಸೀ ಔರ್ ಭೀ ಹೈ?" ಇಂಥವು ಇನ್ನೂ ಇವೆಯೇ ಎಂದು ಕೇಳಿದ.

"ಬಹುತ್ ಹೈ!" ಅಮ್ಮನ ಮುಖ ಅರಳಿತು, ದೊಡ್ಡ ಗಿರಾಕಿ ಎಂದುಕೊಂಡಿದ್ದಳು. "ಘರ್ ಪೇ ಪೂರಾ ಭರಾ ಹೈ. ಕಿತನಾ ಹೋನಾ?" ಮನೆ ತುಂಬ ಇವೆ, ಎಷ್ಟು ಬೇಕು ಎಂದೂ ಕೇಳಿಬಿಟ್ಟಳು.

ಅವನು ಜಾಮ್ ಕಂಪನಿಯ ಮನುಷ್ಯ. ಬಜಾರಿನಲ್ಲಿ ತಮ್ಮ ಹೆಸರಿನ ನಕಲಿ ಮಾಲು ಇದೆಯೇ ಎಂದು ನೋಡುವುದೇ ಅವನ ಕೆಲಸವಂತೆ. ಸೌಮ್ಯವಾಗಿಯೇ ಮಾತಾಡಿದ. ನಮ್ಮ ಹೆಸರಿರುವ ಬಾಟಲಿಯಲ್ಲಿ ನಿಮ್ಮ ಮಾಲು ತುಂಬಿ ಮಾರುತ್ತಿದ್ದೀರಿ, ಇದು ಅಪರಾಧ, ಕೇಸೂ ಆಗಬಹುದು, ಆದರೆ ಚಿಂತೆ ಬೇಡ, ಇಲ್ಲೊಂದು ಸಹಿ ಹಾಕಿದರೆ ಮುಗಿಯಿತು. ಬ್ಯಾಗಿನಿಂದ ಅಚ್ಚಾದ ಎರಡು ಹಾಳೆ ಹೊರತೆಗೆದ.

'ಕೇಸ್' ಎಂಬ ಮಾತು ಕೇಳಿದ್ದೇ ಅಮ್ಮನ ಮುಖದ ಬಣ್ಣ ಹೋಯಿತು. ಆದರೂ ಅವಳು ಮಾಡಿದ ಮೊದಲ ಕೆಲಸ ಅವನಿಗೆ ಮಜ್ಜಿಗೆ ಕೊಟ್ಟದ್ದು. ಎರಡನೆಯದು ನನ್ನ ಕಡೆ ಕೈ ಚಾಚಿದ್ದು.

"ಪೆನ್ನು ಕೊಡು ಮಗಾ. ಸಹಿ ಹಾಕಿ ಕಳಿಸುವ. ಪಾಪ, ಬಿಸಿಲಿಗೆ ಬಂದಿದ್ದಾರೆ, ಅವರಿಗೂ ಲೇಟಾಗ್ತದೆ."

ಇದನ್ನು ನೀವು ನಗುತ್ತ ಓದುತ್ತಿರಬಹುದು. ಆದರೆ ನಮ್ಮವರನ್ನು ಸ್ವಲ್ಪ ನೆನಪಿಸಿಕೊಳ್ಳಿ. ಎದುರಿಗೊಬ್ಬರು ಕಾಗದ ಹಿಡಿದು ನಿಂತರೆ, ಅವರನ್ನು ಕಾಯಿಸುವುದು ಮರ್ಯಾದೆಯಲ್ಲ ಎಂದು ಸಹಿ ಹಾಕಿದವರು ಎಷ್ಟು ಮಂದಿಯಿಲ್ಲ! ಬ್ಯಾಂಕಿನವನು ಒಳ್ಳೆಯ ಹುಡುಗ, ಅವನ ಮುಂದೆ ಓದುತ್ತ ಕೂತರೆ ನಂಬಿಕೆಯಿಲ್ಲ ಅಂದುಕೊಳ್ಳುತ್ತಾನೆ ಎಂದು ಹಾಕುತ್ತೇವೆ. ಜಾಗದ ಯಜಮಾನರು ಹಿರಿಯರು ಎಂದು ಹಾಕುತ್ತೇವೆ. ಅಪ್ಪನ ಹೋಟೆಲಿನ ಲೈಸನ್ಸುಗಳು ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಫ್ರೇಮು ಹಾಕಿಸಿಕೊಂಡು ಕುಳಿತಿವೆ. ಬೆಳಗ್ಗೆ ಊದುಬತ್ತಿ ಅವುಗಳಿಗೂ ಒಂದು ಸುತ್ತು ಬರುತ್ತದೆ. ಒಂದರ ಮೇಲೆ ಕುಂಕುಮವೂ ಇದೆ. ನಾನು ಸಣ್ಣವಳಿದ್ದಾಗ ಅದೂ ಒಬ್ಬ ದೇವರೆಂದುಕೊಂಡು ಕೈಮುಗಿದಿದ್ದೆ. ಕಾನೂನಿನ ಮೇಲೆ ನಮಗೆ ಭಕ್ತಿಗೆ ಕೊರತೆಯಿಲ್ಲ, ಕೊರತೆ ಇರುವುದು ಪರಿಚಯಕ್ಕೆ.

ನಾನು ಪೆನ್ನು ಕೊಡಲಿಲ್ಲ. ಹಾಳೆಗಳ ಮೇಲೆ ಅಂಗೈ ಇಟ್ಟೆ.

"ಒಂದು ಪ್ರತಿ ಬಿಟ್ಟುಹೋಗಿ. ಓದಿ ಉತ್ತರ ಕಳಿಸುತ್ತೇವೆ. ನಿಮ್ಮ ಹೆಸರು ಮತ್ತು ಕಂಪನಿಯ ವಿಳಾಸ ಇದರ ಮೇಲೆ ಬರೆದುಕೊಡಿ," ಎಂದೆ ಹಿಂದಿಯಲ್ಲಿ. ಹಿಂದಿಯಲ್ಲಿ ನನ್ನ ದನಿ ಸ್ವಲ್ಪ ಗಟ್ಟಿ. ಕನ್ನಡದಲ್ಲಾದರೆ ನಾನು ಮಗಳು, ಹಿಂದಿಯಲ್ಲಿ ಯಾರೋ ಒಬ್ಬ ಮೇಡಮ್ಮು.

"ಸಿರ್ಫ್ ಫಾರ್ಮಾಲಿಟಿ ಹೈ ಮೇಡಮ್," ಎಂದು ಅವನು ನಕ್ಕ.

"ಹಾಗಾದರೆ ನಾಳೆಯೂ ಅದು ಫಾರ್ಮಾಲಿಟಿಯೇ ಆಗಿರುತ್ತದೆ," ಎಂದೆ.

ಅವನು ಮಜ್ಜಿಗೆ ಮುಗಿಸಿದ, ಲೋಟ ಕೆಳಗಿಟ್ಟ, ವಿಳಾಸ ಬರೆದುಕೊಟ್ಟ. ಹೋಗುವಾಗ ಅಮ್ಮನಿಗೆ ನಮಸ್ಕಾರ ಹೇಳಿದ. ಕೆಟ್ಟ ಮನುಷ್ಯನೇನಲ್ಲ. ಮಜ್ಜಿಗೆಗೆ ಉಪ್ಪು ಸರಿಯಿತ್ತೋ ಇಲ್ಲವೋ ಎಂದು ಅಮ್ಮ ಆಮೇಲೂ ಚಿಂತೆ ಮಾಡಿದಳು.

ನಾವು ಮೇಜಿನ ಮೇಲಿದ್ದ ಕುಪ್ಪಿಗಳನ್ನು ಆ ಕ್ಷಣವೇ ಚೀಲಕ್ಕೆ ಹಾಕಿದೆವು. ರಿಕ್ಷಾದಲ್ಲಿ ಅಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಮನೆಗೆ ಬಂದು ಫ್ಯಾನಿನ ಕೆಳಗೆ ಕುಳಿತ ಮೇಲೆ ಒಂದೇ ಮಾತು: "ಅಂಗಡಿಯವರಿಗೆ ಬೇಡ ಅಂತ ಹೇಳಿಬಿಡು. ಇಷ್ಟು ವರ್ಷ ಯಾರ ಬಾಯಿಗೂ ಬೀಳದೆ ಬದುಕಿದ್ದೇವೆ. ಕೇಸು ಗೀಸು ಆಗುವ ವ್ಯಾಪಾರ ನಮಗೆ ಬೇಡ."

ಅಪ್ಪನಿಗೆ ಸಿಟ್ಟು. ಕುಪ್ಪಿ ತಂದವರು ತಾವಲ್ಲವೇ? "ಎಂತ ಮಾರಾಯ್ತಿ ಇದು? ನಾವು ಕದ್ದದ್ದಾ? ದುಡ್ಡು ಕೊಟ್ಟು ಜಾಮ್ ತೆಗೊಂಡದ್ದು, ಕುಪ್ಪಿ ಅದರೊಟ್ಟಿಗೆ ಬಂದದ್ದು. ತಳದಲ್ಲಿ ಯಾರ ಹೆಸರಿದ್ದರೆ ಎಂತ? ಒಳಗಿರುವ ಪುಡಿ ನಿನ್ನ ಅಮ್ಮಂದು ಅಲ್ವಾ?"

ನೋಡಿ, ಇದು ಒಳ್ಳೆಯ ಪ್ರಶ್ನೆ. ಕುಪ್ಪಿ ನಮ್ಮದೇ. ಅದರಲ್ಲಿ ನಾವು ಉಪ್ಪು ಹಾಕಿಡಬಹುದು, ಹೂವು ಇಡಬಹುದು, ಪಕ್ಕದ ಮನೆಗೆ ಪುಡಿ ಕೊಡಬಹುದು. ಕೊಂಡವನಿಗೆ ಗಾಜು ಸಿಗುತ್ತದೆ, ಗಾಜಿನ ಮೇಲಿರುವ ಹೆಸರು ಸಿಗುವುದಿಲ್ಲ. ಆ ಹೆಸರು ಹೊತ್ತ ಡಬ್ಬಿಯಲ್ಲಿ ತನ್ನ ಮಾಲು ತುಂಬಿ ಮಾರಲು ಹೊರಟರೆ ಹೆಸರಿನ ಒಡೆಯ ಬೇಡವೆನ್ನಬಹುದು. ಇದನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ನಮ್ಮ ಕಿಟಕಿಯ ಮೇಲೆ ಬೋರಲಾಗಿ, ತಳ ಆಕಾಶಕ್ಕೆ ತೋರಿಸಿಕೊಂಡು ಒಣಗುತ್ತಿದ್ದ ಕುಪ್ಪಿಗಳನ್ನು ಮಾತ್ರ ದಿನಾ ನೋಡುತ್ತ ಹಲ್ಲುಜ್ಜಿದ್ದೆ. ಪುಸ್ತಕದಲ್ಲಿ ಅದು ಎ ಮತ್ತು ಬಿಯ ನಡುವಿನ ವಿಷಯವಾಗಿತ್ತು. ಕುಪ್ಪಿಯ ವಿಷಯವಾಗಿರಲಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳುವ ಬದಲು ಅಮ್ಮನನ್ನು ಕೇಳಿದೆ. "ಅಮ್ಮ, ನಾಳೆ ನಿನ್ನ ಹೆಸರಿನ ಕುಪ್ಪಿ ಬರುತ್ತದೆ ಅಂತಿಟ್ಟುಕೋ. ಯಾರೋ ಒಬ್ಬ ಅದು ಖಾಲಿಯಾದ ಮೇಲೆ ತನ್ನ ಪುಡಿ ತುಂಬಿ ಮಾರುತ್ತಾನೆ. ಮೆಣಸು ಸೀದುಹೋದ ಪುಡಿ, ಹುಳ ಬಿದ್ದ ಪುಡಿ."

"ಯಾರವನು?" ಅಮ್ಮ ನೆಟ್ಟಗೆ ಕುಳಿತಳು.

"ಯಾರೋ ಒಬ್ಬ. ಕುಪ್ಪಿ ಅವನು ಕೊಂಡದ್ದೇ."

"ಕೊಂಡದ್ದಾದ್ರೆ? ತಿಂದವರು ಯಾರಿಗೆ ಬೈಯುವುದು, ನನಗಲ್ವಾ? ಅವನ ಮನೆ ಬಾಗಿಲಿಗೇ ಹೋಗ್ತೇನೆ. ಹುರಿಯುವ ಸೌಟು ತಗೊಂಡೇ ಹೋಗ್ತೇನೆ!"

ಅಪ್ಪ ಎದ್ದು ಹೋಗಿ ಕಿಟಕಿಯ ಮೇಲಿದ್ದ ಕುಪ್ಪಿಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಟ್ರೇಡ್‌ಮಾರ್ಕ್ ಕಾನೂನನ್ನು ಇಷ್ಟು ಚೆನ್ನಾಗಿ ನಮ್ಮ ಪ್ರೊಫೆಸರರೂ ವಿವರಿಸಿರಲಿಲ್ಲ. ಅವರಿಗೆ ಸೌಟು ಹೊಳೆದಿರಲಿಲ್ಲ.

ಆಮೇಲೆ ಆ ಎರಡು ಹಾಳೆಗಳನ್ನು ಓದಲು ಕುಳಿತೆ. ಇಂಗ್ಲಿಷು ಒಣ ಇಂಗ್ಲಿಷು, ಆದರೆ ಅರ್ಥವಾಗದ್ದೇನಲ್ಲ. ಕುಪ್ಪಿ ಬಳಸುವುದನ್ನು ನಿಲ್ಲಿಸುತ್ತೇವೆ ಎಂಬುದು ಒಂದು ಸಾಲಿನಲ್ಲಿತ್ತು. ಅದು ನ್ಯಾಯ. ಉಳಿದ ಸಾಲುಗಳಲ್ಲಿ, ನಾವು ತಿಳಿದೂ ತಿಳಿದೂ ಕಂಪನಿಯ ನಕಲಿ ಮಾಲು ತಯಾರಿಸಿ ಮಾರಿದ್ದೇವೆ, ಮುಂದೆ ಕಂಪನಿ ಕೇಳಿದಷ್ಟು ನಷ್ಟ ತುಂಬಿಕೊಡುತ್ತೇವೆ ಎಂದಿತ್ತು. ಅಮ್ಮನಿಗೆ ಓದಿ ಹೇಳಿದೆ.

"ನಾನು ಜಾಮ್ ಮಾಡಿದ್ದೇನಾ?" ಎಂದು ಕೇಳಿದಳು. "ಜಾಮ್ ಅಂದ್ರೆ ನನಗೆ ಆಗುವುದೇ ಇಲ್ಲ!"

ಬೇರೆಯವರು ಬರೆದ ಒಪ್ಪಿಗೆಗೆ ಸಹಿ ಹಾಕಲೇಬೇಕೆಂದು ಯಾವ ನಿಯಮವೂ ಇಲ್ಲ. ಅದು ಅವರು ಮುಂದಿಟ್ಟ ಮಾತು, ನಮ್ಮ ಮಾತನ್ನು ನಾವು ಬರೆಯಬಹುದು. ಬರೆದೆ. ನಡೆದದ್ದು ಇದು, ಪುಡಿ ನಮ್ಮದು, ಕುಪ್ಪಿಗಳು ಹೋಟೆಲಿನಿಂದ ಬಂದವು, ನಕಲು ಮಾಡುವ ಉದ್ದೇಶ ಇರಲಿಲ್ಲ, ಈ ದಿನದಿಂದ ನಿಲ್ಲಿಸಿದ್ದೇವೆ, ಉಳಿದ ಕುಪ್ಪಿಗಳನ್ನು ಮಾರಾಟಕ್ಕೆ ಬಳಸುವುದಿಲ್ಲ. ಒಂದು ಪುಟ ತುಂಬಲಿಲ್ಲ. ಆಫೀಸಿನ ಕೆಲಸಗಳಿಗೆ ಬರುವ ಒಬ್ಬ ವಕೀಲರಿಗೆ ತೋರಿಸಿದೆ. ಅವರು ಒಂದು ಪದ ಬದಲಿಸಿ, ಚಹಾ ಕುಡಿದು ಹೋದರು. ಅಮ್ಮ ಓದಿಸಿ ಕೇಳಿ, ಇನ್ನೊಮ್ಮೆ ಓದಿಸಿ ಕೇಳಿ, ಸಹಿ ಹಾಕಿದಳು. ಇ-ಮೇಲಿನಲ್ಲೂ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳುಹಿಸಿದೆ. ಕೆಲವು ದಿನಗಳಲ್ಲಿ ಕಂಪನಿಯಿಂದ ಉತ್ತರ ಬಂತು: ವಿಷಯ ಇಲ್ಲಿಗೆ ಮುಗಿದಿದೆ ಎಂದು ಭಾವಿಸುತ್ತೇವೆ.

ಕಾನೂನನ್ನು ನಮ್ಮಲ್ಲಿ ಆಸ್ಪತ್ರೆಯ ಹಾಗೆ ನೋಡುತ್ತಾರೆ. ಎತ್ತಿಕೊಂಡು ಹೋಗುವ ಸ್ಥಿತಿ ಬಂದಾಗ ಹೋದರಾಯಿತು. ಆದರೆ ಜ್ವರ ಬಂದಿದೆಯೇ ಇಲ್ಲವೇ ಎಂದು ಹಣೆ ಮುಟ್ಟಿ ನೋಡಲು ಡಾಕ್ಟರು ಬೇಕಿಲ್ಲ. ಸಣ್ಣ ವ್ಯಾಪಾರದವರಿಗೆ ಬೇಕಾದ ಕಾನೂನು ಅಷ್ಟೇ ಎಂದು ನನಗೆ ಈಗ ಖಚಿತವಾಗಿದೆ. ಹಣೆ ಮುಟ್ಟಿ ನೋಡುವಷ್ಟು. ಎಲ್ಲಿ ನಿಲ್ಲಬೇಕು, ಯಾವ ಕಾಗದಕ್ಕೆ ಸಮಯ ಕೇಳಬೇಕು, ಯಾವಾಗ ವಕೀಲರ ಬಾಗಿಲಿಗೆ ಹೋಗಬೇಕು.

ಅಪ್ಪ ಹೊಸ ಕುಪ್ಪಿ ತರಲು ಸಗಟು ಅಂಗಡಿಗೆ ಹೋದಾಗ ನಾನೂ ಹೋದೆ. ಅಂಗಡಿಯವನು ತೋರಿಸಿದ್ದೆಲ್ಲವನ್ನೂ ಅವರು ತಲೆಕೆಳಗು ಮಾಡಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸವರಿದರು. "ಬೋಳು," ಎಂದು ಒಂದನ್ನು ಪಕ್ಕಕ್ಕಿಟ್ಟರು. "ಇದೂ ಬೋಳು." ಅಂಗಡಿಯವನು ನನ್ನ ಕಡೆ ನೋಡಿದ. ನಾನು ಸೀಲಿಂಗ್ ಫ್ಯಾನಿನ ಕಡೆ ನೋಡಿದೆ.

ಇನ್ನು ಲೇಬಲ್ಲು. ಹೊರಟದ್ದೇ ಹೊರಟೆವು, ಎಲ್ಲವನ್ನೂ ಸರಿಮಾಡುವ ಎಂದು ಆಹಾರ ಇಲಾಖೆಯ ನೋಂದಣಿಗೆ ಅರ್ಜಿ ಹಾಕಿದೆ. "ನನ್ನ ಅಡಿಗೆಮನೆಯಲ್ಲಿ ನಾನು ಹುರಿಯಲಿಕ್ಕೂ ಸರ್ಕಾರದ ಪರ್ಮಿಶನ್ನಾ?" ಎಂದು ಅಮ್ಮ ಕೇಳಿದಳು. ಯಾರ ಹೆಸರಿನಲ್ಲಿ ಹಾಕುವುದು ಎಂಬ ಪ್ರಶ್ನೆ ಬಂದಾಗ ಅಪ್ಪ ಅಭ್ಯಾಸಬಲದಿಂದ ತಮ್ಮ ಆಧಾರ್ ಕಾರ್ಡು ಹುಡುಕತೊಡಗಿದ್ದರು. ಹುರಿಯುವವರ ಹೆಸರು ಎಂದೆ. ಅಪ್ಪ ಕಾರ್ಡನ್ನು ಜೇಬಿಗೆ ಹಾಕಿಕೊಂಡು, "ಹೌದಲ್ಲ," ಎಂದರು. ಅಮ್ಮನ ಹೆಸರಿಗೇ ಬಂತು ಹದಿನಾಲ್ಕು ಅಂಕಿಯ ನಂಬರು. ಮೊದಲು ನಗುತ್ತಿದ್ದವಳು ಆ ನಂಬರನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡಳು. ಈಗಲೂ ಕೇಳಿದರೆ ತಪ್ಪಿಲ್ಲದೆ ಹೇಳುತ್ತಾಳೆ. ಕೇಳದಿದ್ದರೂ ಹೇಳುತ್ತಾಳೆ.

ಅಚ್ಚು ಹಾಕಿಸಲು ಹೋದದ್ದು ಪರೇಲ್‌ನಲ್ಲಿ ನನ್ನ ಆಫೀಸಿನ ಹಿಂದಿನ ಗಲ್ಲಿಯ ಇಕ್ಬಾಲ್ ಭಾಯ್ ಹತ್ತಿರ. ಅವರು ವಿಜಯಪುರದ ಕಡೆಯವರು. ಮಿಲ್ಲುಗಳ ಕಾಲದಿಂದ ಉಳಿದ ಒಂದು ಕೋಣೆಯಲ್ಲಿ ಎರಡು ಯಂತ್ರ, ಒಂದು ಕಂಪ್ಯೂಟರು. ಕಂಪ್ಯೂಟರಿನಲ್ಲಿ ರೆಡಿ ಇದ್ದ ಒಂದು ಮಸಾಲೆ ಲೇಬಲ್ ತೆರೆದರು. ಹಸಿರು ಬಳ್ಳಿ, ಕೆಂಪು ಮೆಣಸು, ನಡುವೆ ಸೂರ್ಯೋದಯ.

"ಇದರಾಗ ನಿಮ್ಮ ಅವ್ವಾರ ಹೆಸರ್ ಹಾಕ್ತೀನ್ರಿ, ಮುಗೀತು," ಎಂದರು.

ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಿದ್ದವು. ಬಗ್ಗಿ ನೋಡಿದೆ. "ಇಕ್ಬಾಲ್ ಭಾಯ್, ಈ ನೋಂದಣಿ ನಂಬರು ಯಾರದು?"

"ಯಾರದೋ ಪಾರ್ಟಿದ್ರಿ. ನಾಲ್ಕೈದ್ ಮಂದಿಗೆ ಅದನ್ನ ಹೊಡದ್ ಕೊಟ್ಟೀನಿ. ಇರ್ಲಿ ಬಿಡ್ರಿ, ಅಷ್ಟ್ ಸಣ್ಣ ಅಕ್ಷರ ಯಾರ್ ನೋಡ್ತಾರ?"

"ನಮ್ಮ ಕುಪ್ಪಿಯ ತಳ ನೋಡಿದರು," ಎಂದು ಕಥೆಯನ್ನು ಹೇಳಿದೆ.

ಅವರು ಮೌಸ್ ಮೇಲಿಂದ ಕೈ ತೆಗೆದರು. "ಯಾ ಅಲ್ಲಾ! ತಳಾನೂ ನೋಡ್ತಾರಾ? ಯೇ ತೋ ಬಹುತ್ ಲಫಡಾ ಹೈ, ಭಾಳ ತಂಟೇದ ಕೆಲಸ್ರಿ." ಆಮೇಲೆ ಆ ನಂಬರನ್ನು ನನ್ನೆದುರೇ ಅಳಿಸಿದರು. ಅಳಿಸಿ, ಡ್ರಾಯರ್ ಎಳೆದು, ಸಂಕೋಚದಿಂದ ಮಡಚಿದ ಒಂದು ಕಾಗದ ಹೊರತೆಗೆದರು. "ಮೇಡಮ್ಮಾರ, ನಂದೂ ಒಂದ್ ಐತ್ರಿ. ಮಷೀನ್ ತಗೊಂಡಾಗಿಂದು. ಸಹಿ ಹಾಕೀನಿ, ಏನ್ ಬರದೈತಿ ಗೊತ್ತಿಲ್ಲ. ಒಂದ್ ಸಲ ಓದ್ ಹೇಳ್ತೀರೇನ್ರಿ?"

ಅಲ್ಲೇ ನಿಂತು ಓದಿ ಹೇಳಿದೆ. ಹೆದರುವಂಥದ್ದೇನೂ ಇರಲಿಲ್ಲ. ಬದಲಿಗೆ ರಿಪೇರಿ ಮಾಡಿಕೊಡುವ ಹೊಣೆ ಮಾರಿದವರದೇ ಎಂದು ಸ್ಪಷ್ಟವಾಗಿ ಬರೆದಿತ್ತು, ಅದರ ಅವಧಿಯೂ ಇನ್ನೂ ಮುಗಿದಿರಲಿಲ್ಲ. ಕೆಟ್ಟು ಮೂಲೆಯಲ್ಲಿ ಚೀಲ ಹೊದ್ದು ಕುಳಿತಿದ್ದ ಯಂತ್ರದ ಕಡೆ ಇಕ್ಬಾಲ್ ಭಾಯ್ ಒಮ್ಮೆ ನೋಡಿದರು. "ಹಂಗಾದ್ರ ಇದರ ಮ್ಯಾಲಿನ ಚೀಲ ತಗೀಬೇಕಲ್ರಿ," ಎಂದರು. ಆ ದಿನ ನಮ್ಮ ಲೇಬಲಿನ ಡಿಸೈನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಸೂರ್ಯೋದಯ ಬೇಡವೆಂದದ್ದಕ್ಕೆ ಮಾತ್ರ ಬಹಳ ನೊಂದುಕೊಂಡರು.

ಲೇಬಲಿನಲ್ಲಿ ಏನೇನಿರಬೇಕು ಎಂದು ನಾನು ಬರೆದುಕೊಂಡು ಹೋಗಿದ್ದೆ: ಒಳಗಿರುವುದು ಏನು, ಏನೇನು ಹಾಕಿದೆ, ಎಷ್ಟು ತೂಕ, ಯಾವಾಗ ಮಾಡಿದ್ದು, ಎಲ್ಲಿಯವರೆಗೆ ತಿನ್ನಬಹುದು, ಬೆಲೆ, ಮಾಡಿದವರ ಹೆಸರು, ಪೂರ್ತಿ ವಿಳಾಸ. ಕೊನೆಗೆ, ಗ್ರಾಹಕರಿಗೆ ದೂರು ಇದ್ದರೆ ಯಾರನ್ನು ಕೇಳಬೇಕು, ಅವರ ಫೋನ್ ನಂಬರು.

ಈ ಕೊನೆಯ ಸಾಲಿನಲ್ಲಿ ನಾನು ಸಿಕ್ಕಿಬಿದ್ದೆ. ಅಮ್ಮನ ಫೋನು ಯಾವಾಗಲೂ ಅಡಿಗೆಮನೆಯ ಶೆಲ್ಫಿನ ಮೇಲೆ, ಅವಳ ಕೈ ಯಾವಾಗಲೂ ಹಿಟ್ಟಿನಲ್ಲಿ. ಅಪ್ಪ ಹೋಟೆಲಿನ ಗಲಾಟೆಯಲ್ಲಿ 'ಹಲೋ' ಎಂಬುದನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳಲಾರರು. ಉಳಿದವಳು ನಾನು. ಬೇರೆ ಸಿಮ್ ತೆಗೆದುಕೊಳ್ಳೋಣ, ಇ-ಮೇಲ್ ಮಾತ್ರ ಹಾಕೋಣ, ನೋಡೋಣ ಎಂದು ನಾಲ್ಕು ದಿನ ದೂಡಿದೆ. ಐದನೇ ದಿನ ಅಮ್ಮ ಹುರಿಯುತ್ತಿದ್ದ ಬಾಣಲೆಯಿಂದ ತಲೆಯೆತ್ತದೆ ಹೇಳಿದಳು:

"ನನ್ನ ಹೆಸರು ಬರೀಬಹುದು, ಮನೆ ನಂಬರು ಬರೀಬಹುದು, ಬಿಲ್ಡಿಂಗು, ಗಲ್ಲಿ, ಪಿನ್‌ಕೋಡು ಎಲ್ಲ ಊರಿಗೆಲ್ಲ ಹೇಳಬಹುದು. ನಿನ್ನ ಫೋನ್ ನಂಬರು ಮಾತ್ರ ಬ್ಯಾಂಕಿನ ಲಾಕರಿನಲ್ಲಿಡುವಂಥದ್ದಾ? ಅವತ್ತು ಆ ಕಂಪನಿಯವನಿಗೆ ಹೆಸರು ಬರಿ, ವಿಳಾಸ ಬರಿ ಅಂತ ದೊಡ್ಡ ಗಂಟಲಲ್ಲಿ ಹೇಳಿದ್ದು ಯಾರು?"

ವ್ಯಾಪಾರಕ್ಕೆ ಇಳಿದ ಮೇಲೆ ಎ ಮತ್ತು ಬಿಯ ಹಾಗೆ ಇರಲಾಗದು. ಏನನ್ನಾದರೂ ಮಾರುವವರು ತಾವು ಯಾರು, ಎಲ್ಲಿ ಸಿಗುತ್ತೇವೆ ಎಂದು ಹೇಳಬೇಕು. ಆ ಪುಟ್ಟ ಅಕ್ಷರಗಳೆಲ್ಲ ಕೇಳುವುದು ಅದೊಂದನ್ನೇ. ನನ್ನ ಪೂರ್ತಿ ಹೆಸರನ್ನು, ಮೊದಲಕ್ಷರ ಮತ್ತು ಚುಕ್ಕೆಯಲ್ಲ, ನಂಬರಿನ ಜೊತೆಗೆ ಇಕ್ಬಾಲ್ ಭಾಯ್‌ಗೆ ಕಳುಹಿಸಿದೆ. ಇಲ್ಲಿ ಅದನ್ನು ಮತ್ತೆ ಬರೆಯುವುದಿಲ್ಲ. ಬೇಕಾದವರು ಕುಪ್ಪಿ ನೋಡಬಹುದು.

ಲೇಬಲುಗಳು ಬಂದ ಸಂಜೆ ಮೂವರೂ ನೆಲದ ಮೇಲೆ ಕುಳಿತು ಅಂಟಿಸಿದೆವು. ಅಪ್ಪನದು ಸ್ವಲ್ಪ ಓರೆ, ಅಮ್ಮನದು ನೇರ, ನನ್ನದು ಸ್ಕೇಲ್ ಇಟ್ಟು. ಕಿರಾಣಿ ಅಂಗಡಿಯವರು ನಡು ಶೆಲ್ಫಿನಲ್ಲಿ, ಸಾಸುಗಳ ಪಕ್ಕದಲ್ಲಿ ಜಾಗ ಕೊಟ್ಟರು. ಅಮ್ಮ ರಸ್ತೆಯ ಆಚೆ ಬದಿಯಲ್ಲಿ ನಿಂತು, ತರಕಾರಿ ಆರಿಸುವವಳ ಹಾಗೆ ಕೈಯಾಡಿಸುತ್ತ ಅತ್ತಲೇ ನೋಡುತ್ತಿದ್ದಳು. ಜೀನ್ಸ್ ಹಾಕಿದ ಒಬ್ಬ ಹುಡುಗಿ ಬಂದಳು. ಸಾಸ್ ತೆಗೆದಳು, ಇಟ್ಟಳು. ಅಮ್ಮನ ಕುಪ್ಪಿ ತೆಗೆದಳು, ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದಳು, ಬುಟ್ಟಿಗೆ ಹಾಕಿಕೊಂಡಳು. ನಮಗೆ ಅವಳ ಗುರುತಿಲ್ಲ, ಅವಳಿಗೆ ನಮ್ಮದಿಲ್ಲ. ಅಮ್ಮ ಕೈಯಲ್ಲಿದ್ದ ಹೀರೇಕಾಯಿಯನ್ನು ತೂಕ ಮಾಡಿಸದೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು. ತರಕಾರಿಯವನು ಕೂಗಿ ಕರೆಯಬೇಕಾಯಿತು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನ ಫೋನು ಸದ್ದು ಮಾಡಿತು. ಗೊತ್ತಿಲ್ಲದ ನಂಬರು. ಒಂದು ರಿಂಗ್ ಹೋಗಲು ಬಿಟ್ಟೆ. ಎರಡನೆಯದಕ್ಕೆ ಎತ್ತಿ, ನನ್ನ ಪೂರ್ತಿ ಹೆಸರು ಹೇಳಿ, ಏನು ದೂರು ಎಂದು ಕೇಳಿದೆ.

ದೂರಲ್ಲ. ವಯಸ್ಸಾದ ಹೆಂಗಸಿನ ದನಿ, ಮರಾಠಿಯಲ್ಲಿ. ಮೊಮ್ಮಗಳು ನಿನ್ನೆ ತಂದಳು, ಪುಡಿ ಚೆನ್ನಾಗಿದೆ, ಭರಣಿ ಇನ್ನೂ ಚೆನ್ನಾಗಿದೆ. ಖಾಲಿಯಾದ ಮೇಲೆ ವಾಪಸು ಕೊಡಬೇಕೇ?

"ಬೇಡ, ಇಟ್ಟುಕೊಳ್ಳಿ," ಎಂದೆ. "ಉಪ್ಪಿನಕಾಯಿ ಹಾಕಿಕೊಳ್ಳಿ. ಮಾರುವ ಯೋಚನೆ ಇದ್ದರೆ ಮಾತ್ರ ನಮ್ಮ ಲೇಬಲ್ ಕಿತ್ತುಹಾಕಿ."

ಅವರು ಜೋರಾಗಿ ನಕ್ಕರು. ಈ ವಯಸ್ಸಿನಲ್ಲಿ ಯಾರು ಮಾರುತ್ತಾರೆ ಮಗಳೇ ಎಂದರು. ನಮ್ಮ ಅಮ್ಮ ಎಂದೆ.

ಆಮೇಲೆ ಲೋಕಲ್ ಹತ್ತಿದೆ. ರಿಂಗ್ ಆರಿಸಲಿಲ್ಲ.